ವೈ ಕಳೆದುಕೊಂಡ ಮುಳ್ಳಿಲಿ

ಮಕ್ಕಳಾಗಿಲ್ಲ ಎಂದು ಪರೀಕ್ಷೆಗೆ ಬರುವ ಗಂಡಸರಲ್ಲಿ ಅಪರೂಪಕ್ಕೆ ಒಬ್ಬರ ಕ್ರೋಮೋಸೋಮ್ ರಿಪೋರ್ಟ್ 46,ಎಕ್ಸ್‌ಎಕ್ಸ್ ಎಂದು, ಅಂದರೆ ಹೆಂಗಸರಲ್ಲಿರುವಂತೆ 46 ಕ್ರೋಮೋಸೋಮ್, ಎರಡು ಎಕ್ಸ್ ಎಂದು ಬರುತ್ತದೆ. ಗಡ್ಡ, ಮೀಸೆ ಎಲ್ಲ ಇದೆ, ವೈ ಮಾತ್ರ ಇಲ್ಲ. ಸ್ಯಾಂಪಲ್ ಅದಲುಬದಲಾಗಿಲ್ಲ ಎಂದು ಖಚಿತಪಡಿಸಿಕೊಂಡು ನಾವು, ಸಾಮಾನ್ಯವಾಗಿ ವೈ ಮೇಲಿದ್ದು ಭ್ರೂಣವನ್ನು ಗಂಡಾಗಿಸುವ ಎಸ್‌ಆರ್‌ವೈ ಜೀನ್ ಹುಡುಕುತ್ತೇವೆ. ಇಂಥವರಲ್ಲಿ ಹೆಚ್ಚಿನವರಿಗೆ ಅದು ಸಿಗುತ್ತದೆ. ತಂದೆಯ ವೀರ್ಯಾಣು ತಯಾರಾಗುವಾಗ ವೈಯಿಂದ ಕಿತ್ತು ಬಂದು ಎಕ್ಸ್‌ಗೆ ಅಂಟಿಕೊಂಡಿರುತ್ತದೆ.

ಈ ಜೀನ್ ಪತ್ತೆಯಾದದ್ದು 1990ರಲ್ಲಿ. ಮರುವರ್ಷ ಲಂಡನ್ನಿನ ವಿಜ್ಞಾನಿಗಳು ಅದನ್ನು ಎಕ್ಸ್‌ಎಕ್ಸ್ ಇಲಿ ಭ್ರೂಣಗಳಿಗೆ ಸೇರಿಸಿದಾಗ ಕೆಲವು ಗಂಡಾಗಿ ಬೆಳೆದವು. ಆದರೆ ಎಸ್‌ಆರ್‌ವೈ ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಸಾಕ್ಸ್9 ಎಂಬ ಜೀನನ್ನು ಎಬ್ಬಿಸುವುದು. ವೃಷಣ ಕಟ್ಟುವ ಕೆಲಸ ಶುರು ಮಾಡಿಸುವುದು ಸಾಕ್ಸ್9.

ಎಸ್‌ಆರ್‌ವೈ ಜಾಸ್ತಿ ಹಳೆಯದೂ ಅಲ್ಲ. ಸಾಕ್ಸ್3 ಎಂಬ ಜೀನಿನಿಂದ ಹುಟ್ಟಿದ್ದು. ಮೊಟ್ಟೆಯಿಡುವ ಸಸ್ತನಿ ಪ್ಲಾಟಿಪಸ್‌ನಲ್ಲೇ ಅದಿಲ್ಲ. ಕೋಳಿಯಲ್ಲಿ ಡಿಎಂಆರ್‌ಟಿ1 ಎಂಬ ಜೀನ್ ಎರಡು ಪ್ರತಿ ಇದ್ದರೆ ಹುಂಜ, ಒಂದಿದ್ದರೆ ಹೇಂಟೆ. ಜಪಾನಿನ ಮೆಡಾಕಾ ಮೀನಿನಲ್ಲಿ ಅದೇ ಜೀನಿನ ನಕಲೊಂದು ವೈ ಮೇಲೆ ಕೂತು ಗಂಡನ್ನು ತೀರ್ಮಾನಿಸುತ್ತದೆ. ಅಂದರೆ ಸ್ವಿಚ್ಚು ಬದಲಾಗುತ್ತಲೇ ಇರುತ್ತದೆ, ಒಳಗಿನ ವೈರಿಂಗ್ ಹೆಚ್ಚೂಕಮ್ಮಿ ಹಾಗೇ ಉಳಿಯುತ್ತದೆ. 1995ರಲ್ಲಿ ಜೀವವಿಜ್ಞಾನಿ ಆಡಮ್ ವಿಲ್ಕಿನ್ಸ್ ಇದಕ್ಕೆ ಒಂದು ವಿವರಣೆ ಕೊಟ್ಟರು: ಒಂದನ್ನೊಂದು ಎಬ್ಬಿಸುವ ಈ ಜೀನುಗಳ ಸರಣಿ ಕೆಳಗಿನಿಂದ ಮೇಲಕ್ಕೆ ಬೆಳೆದಿದೆ, ತುದಿಯಲ್ಲಿರುವುದೇ ಹೊಸದು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಜಪಾನಿನ ಅಮಾಮಿ ಒಶಿಮಾ ದ್ವೀಪದ ಮುಳ್ಳಿಲಿ (ಮುಳ್ಳಿನಂಥ ಕೂದಲಿನ ಇಲಿ, ಸ್ಪೈನಿ ರ‍್ಯಾಟ್). ಗಂಡಿಗೂ ಹೆಣ್ಣಿಗೂ ಒಂದೊಂದೇ ಎಕ್ಸ್. ವೈ ಇಲ್ಲ, ಎಸ್‌ಆರ್‌ವೈಯೂ ಇಲ್ಲ. ಹಾಗಾದರೆ ಗಂಡು ಹುಟ್ಟುವುದು ಹೇಗೆ, ಅಲ್ವಾ? 2022ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಅಸಾಟೊ ಕುರೊಯಿವಾ ತಂಡಕ್ಕೆ ಉತ್ತರ ಸಿಕ್ಕಿತು. ಸಾಕ್ಸ್9ರಿಂದ ಸ್ವಲ್ಪ ದೂರದಲ್ಲಿ, ಸುಮಾರು 17,000 ಅಕ್ಷರಗಳ ಡಿಎನ್‌ಎ ತುಂಡೊಂದು ಗಂಡಿಲಿಗಳ ಒಂದು ಕ್ರೋಮೋಸೋಮಿನಲ್ಲಿ ಮಾತ್ರ ಇಮ್ಮಡಿಯಾಗಿದೆ. ಅದು ಪ್ರೋಟೀನ್ ಮಾಡುವ ಜೀನೇ ಅಲ್ಲ. ಸಾಕ್ಸ್9 ಕೆಲಸವನ್ನು ಜೋರು ಮಾಡುವ ತುಂಡು, ಅಷ್ಟೇ.

ಎಸ್‌ಆರ್‌ವೈ ಸಿಗದ ಎಕ್ಸ್‌ಎಕ್ಸ್ ಗಂಡಸರಲ್ಲೂ ಕೆಲವರಿಗೆ ಸಾಕ್ಸ್9ರ ಹತ್ತಿರ ಇಂಥದ್ದೇ ಇಮ್ಮಡಿ ಕಾಣುತ್ತದೆ. ನಾವು ಅದನ್ನು ದೋಷದ ಪಟ್ಟಿಯಲ್ಲಿ ಬರೆಯುತ್ತೇವೆ, ಮುಳ್ಳಿಲಿಗೆ ಅದೇ ಸಹಜ. ವ್ಯತ್ಯಾಸ ಇರುವುದು ಸಂತಾನದಲ್ಲಿ. ವೀರ್ಯಾಣು ತಯಾರಿಗೆ ಬೇಕಾದ ಜೀನುಗಳು ಮನುಷ್ಯರಲ್ಲಿ ವೈ ಮೇಲೆಯೇ ಇವೆ. ಹಾಗಾಗಿ ಈ ಗಂಡಸರಿಗೆ ವೀರ್ಯಾಣು ಆಗುವುದಿಲ್ಲ. ಮುಳ್ಳಿಲಿಯ ವೈ ಕಣ್ಮರೆಯಾದರೂ ಅದರ ಮೇಲಿದ್ದ ಹಲವು ಜೀನುಗಳು ಎಕ್ಸ್‌ಗೆ ಸೇರಿಕೊಂಡು ಉಳಿದಿವೆ.