ಸಿಡಿ ಪ್ಲೇಯರಿನ ಜುಟ್ಟಿಗೆ ಮಲ್ಲಿಗೆ

ಅಗ್ಗದ ಸಿಡಿ ಪ್ಲೇಯರ್ ಬಿಚ್ಚಿದವರ ಕೈ ಮೊದಲು ಹೋಗುವುದು ಸಿಗ್ನಲ್ ವರ್ಧಿಸುವ ಪುಟ್ಟ ಚಿಪ್ ಆದ ಆಪ್‌ಆ್ಯಂಪ್ ಕಡೆಗೆ. ಎಂಟು ಕಾಲಿನ 4558 ಕಿತ್ತು ಎನ್‌ಇ5532 ಕೂರಿಸಿಬಿಟ್ಟರೆ ವೀಣೆ ಎದುರಿಗೇ ನುಡಿದಂತಾಗುತ್ತದೆ ಎಂಬ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಪ್ಲೇಯರ್ ಹೊರಬಿಡುವ ಗರಿಷ್ಠ ಸಿಗ್ನಲ್ ಸುಮಾರು 2 ವೋಲ್ಟ್ ಆರ್‌ಎಂಎಸ್, ಅಂದರೆ ಏರಿಳಿವ ಅಲೆಯ ಪರಿಣಾಮಕಾರಿ ಬೆಲೆ. 20 ಕಿಲೋಹರ್ಟ್ಸ್‌ನಲ್ಲೂ ಅದು ಏರುವುದು ಮೈಕ್ರೊಸೆಕೆಂಡಿಗೆ 0.36 ವೋಲ್ಟ್, ಹಳೆಯ 4558 ಸುಮಾರು 1 ವೋಲ್ಟ್ ಏರಬಲ್ಲದು, ಅಂದರೆ ಹಳೆಯದೇ ಸಾಕು. ಸಾಲದೆ, ಬರೀ 5 ವೋಲ್ಟ್ ಸಪ್ಲೈನಲ್ಲಿ ನಡೆಯುವ ಪ್ಲೇಯರಿಗೆ ಎನ್‌ಇ5532 ಹಾಕಿದರೆ ಜೋರು ಸದ್ದಿನಲ್ಲಿ ಅಲೆಯ ತಲೆ ಕತ್ತರಿಸಿ ಒಡಕು ಧ್ವನಿ ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸುವ ಕೆಲಸ ಇದು, ಅದು ಮೈಸೂರು ಮಲ್ಲಿಗೆಯೇ ಆದರೂ.

ಹಿಟ್ಟು ಇರುವುದು ಪವರ್ ಸಪ್ಲೈನಲ್ಲಿ. ಮಂಡ್ಯದ ಸುತ್ತ ಕಬ್ಬಿನ ಗದ್ದೆಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದವೆನ್ನಿ. ಲೈನಿನ ಕೊನೆಯ ಮನೆಯಲ್ಲಿ 230 ಇರಬೇಕಾದ ವೋಲ್ಟೇಜ್ 170ಕ್ಕೆ ಬಿತ್ತೆನ್ನಿ. 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಆಗ ಕೊಡುವುದು 6.65. ಅದರ ಅಲೆಯ ತುದಿ 9.4, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ಎರಡು ಡಯೋಡ್‌ಗಳು 1.4 ತಿಂದರೆ ಉಳಿದದ್ದು 8. ಪ್ಲೇಯರ್ 0.4 ಆಂಪಿಯರ್ ಎಳೆಯುತ್ತಿದ್ದು ಕೆಪಾಸಿಟರ್ 1000 ಮೈಕ್ರೊಫ್ಯಾರಡ್ ಆಗಿದ್ದರೆ, ಮುಂದಿನ ಅಲೆ ಬರುವ 10 ಮಿಲಿಸೆಕೆಂಡಿನೊಳಗೆ ಅದು ಹೆಚ್ಚೂಕಡಿಮೆ 4 ವೋಲ್ಟ್ ಇಳಿಯುತ್ತದೆ. ವೋಲ್ಟೇಜನ್ನು 5ರಲ್ಲಿ ಕಟ್ಟಿಹಿಡಿಯುವ 7805 ರೆಗ್ಯುಲೇಟರಿಗೆ ಕನಿಷ್ಠ 7 ಬೇಕು. ಅದಕ್ಕಿಂತ ಕೆಳಗಿಳಿದಾಗಲೆಲ್ಲ 5 ವೋಲ್ಟ್ ಲೈನ್ ಸೆಕೆಂಡಿಗೆ 100 ಸಲ ಕುಸಿಯುತ್ತದೆ. ಸಿಡಿಯ ಅಂಕಿಗಳನ್ನು ಸದ್ದಿನ ಅಲೆಯಾಗಿಸುವ ಅನೇಕ ಡ್ಯಾಕ್ ಚಿಪ್‌ಗಳು ಅದೇ ಲೈನನ್ನು ಅಳತೆಗೋಲಾಗಿ ಬಳಸುವುದರಿಂದ ಸ್ವರವೇ ಒರಟಾಗಿ ನಡುಗುತ್ತದೆ. 230 ಇದ್ದಾಗ ಇದೇ ಪ್ಲೇಯರ್ ಸುಮ್ಮನೆ ಹಾಡುತ್ತದೆ, ಅದಕ್ಕೇ ತಪ್ಪು ಸಿಡಿಯ ತಲೆಗೆ ಕಟ್ಟುತ್ತೇವೆ.

ಮದ್ದು ಸುಲಭ: ಕೆಪಾಸಿಟರ್ 3300 ಮೈಕ್ರೊಫ್ಯಾರಡ್, 25 ವೋಲ್ಟ್, 105 ಡಿಗ್ರಿಯದು, ನಾಲ್ಕು ಡಯೋಡ್‌ಗಳ ಜಾಗಕ್ಕೆ ಕಡಿಮೆ ವೋಲ್ಟ್ ತಿನ್ನುವ 1ಎನ್5822 ಶಾಟ್ಕಿ ಡಯೋಡ್. ಏರಿಳಿತ 1.2 ವೋಲ್ಟಿಗೆ ಇಳಿಯುತ್ತದೆ, ಡಯೋಡ್‌ಗಳು ತಿನ್ನುತ್ತಿದ್ದ 1.4ರಲ್ಲಿ 0.6 ಉಳಿತಾಯವಾಗುತ್ತದೆ, ತಳ 7.4ರ ಹತ್ತಿರ ನಿಲ್ಲುತ್ತದೆ. 10000 ಹಾಕಿದರೆ ಇನ್ನೂ ಚೆನ್ನಲ್ಲವೇ ಎಂದರೆ, ಸ್ವಿಚ್ ಒತ್ತಿದ ಕ್ಷಣದ ಹೊಡೆತ ಫ್ಯೂಸಿಗೆ.

ಪ್ಲಗ್ ಕಿತ್ತ ಮೇಲೆ 1 ಕಿಲೋಓಮ್ ರೆಸಿಸ್ಟರಿನಿಂದ ಕೆಪಾಸಿಟರ್ ಖಾಲಿ ಮಾಡಿ. ಅಗ್ಗದ ಬೋರ್ಡಿನ ತಾಮ್ರದ ಗೆರೆ ಕಾವಿಗೆ ಎದ್ದುಬರುತ್ತದೆ. 25 ವ್ಯಾಟ್ ಐರನ್, ಒಂದು ಕಾಲಿಗೆ ಎರಡು ಮೂರು ಸೆಕೆಂಡ್ ಸಾಕು. ಬರಲಿಲ್ಲವೆಂದರೆ ಎಳೆಯಬೇಡಿ, ಹೊಸ ಬೆಸುಗೆ ಸ್ವಲ್ಪ ಕೊಟ್ಟು ಮತ್ತೆ ಕರಗಿಸಿ. ಕೆಪಾಸಿಟರಿನ ಪಟ್ಟೆ ಇರುವ ಬದಿ ಮೈನಸ್, ತಿರುಗುಮುರುಗಾದರೆ ಸಿಡಿಯುತ್ತದೆ. ಹೊಸದು ದಪ್ಪವಿರುವುದರಿಂದ ಮುಚ್ಚಳಕ್ಕೆ, ಟ್ರೇಗೆ ತಾಗದಂತೆ ನೋಡಿಕೊಳ್ಳಿ.

ಔಟ್‌ಪುಟ್ ಬಳಿಯ 10 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಹಳತಾಗಿ ಒಣಗಿದ್ದರೆ 4.7ರ ಫಿಲ್ಮ್ ಕೆಪಾಸಿಟರ್ ಸಾಕು. ಆಂಪ್ಲಿಫೈಯರಿನ ಇನ್‌ಪುಟ್ 47 ಕಿಲೋಓಮ್ ಆಗಿದ್ದರೆ ಕೆಳಸ್ವರಗಳ ಕಡಿತ ಶುರುವಾಗುವುದು 0.7 ಹರ್ಟ್ಸ್‌ನಲ್ಲಿ. ಆ ಕೆಪಾಸಿಟರನ್ನೇ ತೆಗೆದು ತಂತಿ ಹಾಕುವ ದುಸ್ಸಾಹಸ ಬೇಡ: ಒಂಟಿ ಸಪ್ಲೈ ಪ್ಲೇಯರಿನಲ್ಲಿ ಅದರ ಹಿಂದೆ ಸುಮಾರು 2.5 ವೋಲ್ಟ್ ಡಿಸಿ ಕಾದಿರುತ್ತದೆ. ಲೆನ್ಸ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿ ಸಾಕು. ಅದರಿಂದ ಹೊರಡುವ 780 ನ್ಯಾನೊಮೀಟರಿನ ಲೇಸರ್ ಬೆಳಕು ಕಣ್ಣಿಗೆ ಹೆಚ್ಚೂಕಡಿಮೆ ಕಾಣದು, ಆದ್ದರಿಂದ ಪ್ಲಗ್ ಕಿತ್ತೇ ಒರೆಸಿ.

ಕೆಲಸ ಮುಗಿದ ಮೇಲೆ, ಪಂಪ್‌ಸೆಟ್‌ಗೆ ಕರೆಂಟ್ ಬರುವ ಹೊತ್ತಿಗೆ, 7805ರ ಇನ್‌ಪುಟ್ ಕಾಲಿಗೆ ಮಲ್ಟಿಮೀಟರ್ ಹಿಡಿಯಿರಿ. ಡಿಸಿ 8ರ ಆಸುಪಾಸಿನಲ್ಲಿದ್ದರೆ ವೀಣೆಯ ಸಿಡಿ ಹಾಕಿ, ಮಂದ್ರದ ತಂತಿಯ ಒಂದು ಮೀಟು ಪೂರ್ತಿ ಅಡಗುವ ತನಕ ಕಿವಿಗೊಡಿ. ನಾದ ಕ್ಷೀಣಿಸಿದ ಮೇಲೂ ಅಡಿಯಲ್ಲಿ ಗುಂಯ್ ಉಳಿದಿದ್ದರೆ ಬೆಸುಗೆಗಳನ್ನು ಇನ್ನೊಮ್ಮೆ ನೋಡಬೇಕು.