ಯಾವ ಕಂಪನಿ ಮಿನಿ ಟ್ರ್ಯಾಕ್ಟರ್ ತಗೋಬೇಕ್ರಿ? ಮತ್ತ ಅದೇ ಪ್ರಶ್ನೆ, ಈ ಸಲ ಪೂರ್ತಿ ಉತ್ತರ

ಪ್ರಶ್ನೆ: ಅಣ್ಣಾರ, ನಮ್ದು ಸಂಖ ಹತ್ರ ಮೂರು ಎಕರೆ ದ್ರಾಕ್ಷಿ ಐತಿ. ಬ್ಲೋವರ್ (ಗಾಳಿ ಜೋಡಿ ಔಷಧ ಸಿಂಪಡಸೋ ಯಂತ್ರ) ಹೊಡ್ಯಾಕ ಮಿನಿ ಟ್ರ್ಯಾಕ್ಟರ್ ತಗೋಬೇಕು. ಬೆಲೆನೂ ಕಮ್ಮಿ ಇರ್ಬೇಕು, ಪಾರ್ಟ್ಸೂ ಸಿಗಬೇಕು. ಯಾವ ಕಂಪನಿದು ಚಲೋ?

ಇದು ಎಷ್ಟನೇ ಸಲ ಅಂತ ಎಣಸೋದು ಬಿಟ್ಟೀನಿ. ಫೋನಿನ್ಯಾಗ ಹೇಳೀನಿ, ಉಮದಿ ಸಂತ್ಯಾಗ ನಿಂತು ಹೇಳೀನಿ, ಮದುವಿ ಊಟಕ್ಕ ಕುಂತಾಗೂ ಹೇಳೀನಿ. ಇವತ್ತು ಎಲ್ಲಾ ಬರದು ಇಡ್ತೀನಿ, ಇನ್ನ ಮುಂದ ಕೇಳಿದವ್ರಿಗೆ ಇದನ್ನೇ ಕಳಸ್ತೀನಿ.

ಬೆಲೆ ಮಾತು ಮೊದಲ ಮುಗಸೋಣು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮ್ಯಾಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದೈತಿ, ಟಾಯರು ಪಾರ್ಟ್ಸ್ ಮ್ಯಾಲ 18 ಇದ್ದದ್ದೂ 5 ಆಗೈತಿ. ಚಲೋನ ಆತು, ಆದ್ರ ಅದು ಎಲ್ಲಾ ಕಂಪನಿಗೂ ಇಳದೈತಿ, ನಡುವಿನ ಫರಕು ಹಂಗ ಉಳದೈತಿ. ಒಂದೇ ನಮೂನಿ ಎರಡು ಗಾಡಿ ಕೊಟೇಶನ್ ಹಿಡದು ನೋಡ್ರಿ, 40-50 ಸಾವಿರದ ಅಂತರಕ್ಕ ಮಂದಿ ತಿಂಗಳಗಟ್ಟಲೆ ತಲಿ ಕೆಡಿಸ್ಕೋತಾರ. ಅದನ್ನ ಹತ್ತು ವರ್ಷಕ್ಕ ಹಂಚಿದ್ರ ವರ್ಷಕ್ಕ ನಾಕೈದು ಸಾವಿರ. ಅದೇ ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಸೋದು) ಆಗಿ, ಗೊನಿ ಹೊರಗ ಬರೋ ಹೊತ್ತಿಗೆ ಮಳಿ ಹಿಡದು, ದಿನಾ ಔಷಧ ಹೊಡಿಬೇಕಾದಾಗ ಗಾಡಿ ನಾಲ್ಕು ದಿನ ನಿಂತ್ರ ಡೌನಿ ರೋಗ ಏನು ಉಳಸ್ತೈತಿ ನೀವೇ ಹೇಳ್ರಿ. ನನ್ನ ಮೊದಲ್ನೇ ಮಿನಿದ್ದು ಕ್ಲಚ್ ಪ್ಲೇಟು ಹೋದದ್ದು ಅಂಥಾ ಹೊತ್ತಿನ್ಯಾಗ. ಪ್ಲೇಟು ಬಂದದ್ದು ಆರನೇ ದಿನ. ಬಾಜೂ ಹೊಲದ ಕಾಕಾ ರಾತ್ರಿ ತಮ್ಮ ತೋಟ ಮುಗಿಸಿ ನಮ್ಮ ಕಡೆ ಗಾಡಿ ಕಳಿಸಿದ್ದಕ್ಕ ಅರ್ಧಾ ತೋಟ ಉಳೀತು. ಅವತ್ತಿಂದ ನಾನು ಗಾಡಿ ಬೆಲೆ ಆಮ್ಯಾಲ ಕೇಳ್ತೀನಿ.

ಈಗ ಅಸಲಿ ಮಾತು. ಕೇಳೋ ಹತ್ತು ಮಂದ್ಯಾಗ ಎಂಟು ಮಂದಿ ತಲಿಯಾಗ ಒಂದು ನಂಬಿಕಿ ಗಟ್ಟಿ ಕುಂತೈತಿ: "ದೊಡ್ಡ ಕಂಪನಿದು ತಗೊಂಡ್ರ ಆತು, ಪಾರ್ಟ್ಸ್ ಎಲ್ಲಿ ಬೇಕಲ್ಲಿ ಸಿಗ್ತಾವ." ಇದು ತಪ್ಪು. ಮಿನಿ ಟ್ರ್ಯಾಕ್ಟರ್ ವಿಷಯದಾಗ ಪೂರಾ ತಪ್ಪು.

ಇದು ಎಲ್ಲಿಂದ ಬಂತು ಅಂತ ನನಗ ಗೊತ್ತೈತಿ. ನಮ್ಮ ಅಪ್ಪಂದಿರ ಕಾಲದಿಂದ ಮಹಿಂದ್ರಾ 575, ಮ್ಯಾಸಿ 1035 ಅನ್ನೋ ದೊಡ್ಡ ಟ್ರ್ಯಾಕ್ಟರ್ ಊರೂರಿಗೆ ಅದಾವ. ಅವುಕ್ಕ ಏನು ಬೇಕಂದ್ರೂ ಜತ್ತದಾಗ ಸಿಗ್ತೈತಿ, ಒರಿಜಿನಲ್ ಇಲ್ಲಂದ್ರ ಡುಪ್ಲಿಕೇಟ್ ಆದ್ರೂ ಸಿಗ್ತೈತಿ, ಕಣ್ಣು ಮುಚ್ಚಿ ಬಿಚ್ಚಿ ಕೂಡಸೋ ಮಿಸ್ತ್ರಿಗಳೂ ಅದಾರ. ಅದು ಆ ಗಾಡಿದು ಪುಣ್ಯ, ಕಂಪನಿ ಹೆಸರಿಂದಲ್ಲ. ಅಂಗಡ್ಯಾಂವ ಯಾವ ಗಾಡಿ ಹೆಚ್ಚು ಓಡ್ತಾವ ಅದರ ಸಾಮಾನು ಇಡ್ತಾನ. ವರ್ಷಕ್ಕ ಒಬ್ರು ಇಬ್ರು ಕೇಳೋ ಸೀಲ್ ತಂದಿಟ್ಟು ರೊಕ್ಕ ಯಾಕ ಕಟ್ಟಿ ಹಾಕ್ತಾನ ಹೇಳ್ರಿ?

ಬಾನೆಟ್ ಮ್ಯಾಲ ಅದೇ ಹೆಸರು ಇರಬಹುದು, ಒಳಗಿನ ಗಾಡಿ ಬ್ಯಾರೆ. 575ಕ್ಕ ನಾಲ್ಕು ಸಿಲಿಂಡರ್, ಅದೇ ಮಹಿಂದ್ರಾದ ಮಿನಿ ಜೀವೋ 245ಕ್ಕ ಎರಡು. ಅದರ ಹಿಂದಿನ ಟಾಯರ್ 13.6-28, ಇದರದು 8.3-24. ಪಿಸ್ಟನ್, ಕ್ಲಚ್ ಪ್ಲೇಟ್, ಗೇರ್, ಮುಂದಿನ ಆಕ್ಸಲ್ ಯಾವುದೂ ಅದರದು ಇದಕ್ಕ ಕೂಡೂದಿಲ್ಲ. ಒಂದೇ ಮನಿತನ ಅಂತ ಅಪ್ಪನ ಚಪ್ಪಲಿ ಕೂಸಿಗೆ ಬರ್ತಾವೇನ್ರಿ? ವಿಎಸ್‌ಟಿದೂ ಹಂಗ. 1967ರ ಕಂಪನಿ, ಟ್ರ್ಯಾಕ್ಟರ್ ಹೊಸೂರಿನ್ಯಾಗ ತಯಾರಾಗ್ತಾವ, ಪವರ್ ಟಿಲ್ಲರ್ ಅಂದ್ರ ಮಂದಿ ಅದನ್ನೇ ನೆನಸ್ತಾರ. ಆದ್ರ ಟಿಲ್ಲರ್ ಒಂದು ಸಿಲಿಂಡರಿಂದು, ಅವರ ಮಿನಿ ಟ್ರ್ಯಾಕ್ಟರ್ ಎಂಟಿ 180ಡಿ ಮೂರು ಸಿಲಿಂಡರಿಂದು. ಟಿಲ್ಲರ್ ಸಾಮಾನು ಇಟ್ಟಾಂವ ಇದರದೂ ಇಟ್ಟಿರ್ತಾನ ಅಂತ ತಿಳ್ಕೊಂಡು ಹೋದ್ರ ಬರಿಗೈಲೆ ಬರ್ತೀರಿ.

ಇದರ ಉಲ್ಟಾ ಮಾತೂ ಒಂದೈತಿ, ಕುಬೋಟಾ ಜಪಾನಿಂದು, ಪಾರ್ಟ್ಸ್ ಸಿಗೂದಿಲ್ಲ ಅಂತ. ಅವರು 2008ರಿಂದ ಚೆನ್ನೈದಾಗ ಕುಂತಾರ, 2022ರಾಗ ಎಸ್ಕಾರ್ಟ್ಸ್ ಜೋಡಿ ಸೇರಿ ಎಸ್ಕಾರ್ಟ್ಸ್ ಕುಬೋಟಾ ಆಗ್ಯಾರ. ನಿಮ್ಮ ಸುತ್ತ ಅವರ ಮಿನಿ ನಿಯೋಸ್ಟಾರ್ ಹತ್ತು-ಹದಿನೈದು ಇದ್ರ ಅದರ ಫಿಲ್ಟರು ಬೆಲ್ಟು ಇಟ್ಟಾವ್ರೂ ಇರ್ತಾರ, ಗಾಡಿನ ಇಲ್ಲದಲ್ಲಿ ಯಾರೂ ಇಟ್ಟಿರೂದಿಲ್ಲ. ದೇಶಿ ಪರದೇಶಿ ಅನ್ನೋದು ಲೆಕ್ಕಕ್ಕ ಬರೂದಿಲ್ಲ.

ಇನ್ನೂ ನಂಬಿಕಿ ಬರ್ಲಿಲ್ಲಂದ್ರ ಫೋರ್ಸ್ ಕಂಪನಿ ನೋಡ್ರಿ. ಹೆಸರು ಸಣ್ಣದೇನು? ತೋಟಕ್ಕಂತನ ಆರ್ಚರ್ಡ್ ಮಿನಿ ಮಾಡಿದ್ರು. 2024ರ ಮಾರ್ಚಿಗೆ ಟ್ರ್ಯಾಕ್ಟರ್ ಧಂದೇನ ಬಂದ್ ಮಾಡಿದ್ರು. ಕಂಪನಿ ಐತಿ, ಅವರ ಬ್ಯಾರೆ ಗಾಡಿ ರೋಡ್ ಮ್ಯಾಲ ಓಡ್ಯಾಡ್ತಾವ, ಹೊಸಾ ಟ್ರ್ಯಾಕ್ಟರ್ ಮಾತ್ರ ಇಲ್ಲ.

ಹಂಗಾರ ಏನು ಮಾಡಬೇಕು? ಕಂಪನಿ ಬಿಡ್ರಿ, ಮಾಡೆಲ್ ಹಿಡೀರಿ. ನಿಮ್ಮ ತೋಟದಿಂದ ಇಪ್ಪತ್ತು ಕಿಲೋಮೀಟರ್ ಒಳಗ, ಅಂದ್ರ ಸಂಖ, ಉಮದಿ, ಮಾಡಗ್ಯಾಳ, ಎಲ್ಲಿ ತನಕ ಹೋಗ್ತೈತಿ ಅಲ್ಲಿ ತನಕ, ಆ ಮಾಡೆಲ್ ಎಷ್ಟು ಅದಾವ ಎಣಸ್ರಿ. ಇಟ್ಟಾವ್ರ ಮನಿಗೆ ಹೋಗಿ ಚಾ ಕುಡೀರಿ, ಕಳೆದ ಸಲ ಗಾಡಿ ನಿಂತಾಗ ಎಷ್ಟು ದಿನ ನಿಂತಿತ್ತು ಅಂತ ಅದೊಂದೇ ಕೇಳ್ರಿ. ಆಮ್ಯಾಲ ಶೋರೂಮಿಗೆ ಹೋದ್ರ ಮುಂದಿನ ಸೋಫಾದ ಮ್ಯಾಲ ಕುಂದ್ರಬ್ಯಾಡ್ರಿ, ಸೀದಾ ಪಾರ್ಟ್ಸ್ ಕೌಂಟರಿಗೆ ಹೋಗ್ರಿ. ಕ್ಲಚ್ ಪ್ಲೇಟ್, ವಾಟರ್ ಪಂಪ್, ಹೈಡ್ರಾಲಿಕ್ ಫಿಲ್ಟರ್, ಪಿಟಿಓ ಶಾಫ್ಟಿನ (ಹಿಂದ ಬ್ಲೋವರ್ ತಿರಗಸೋ ದಂಡು) ಸೀಲ್, ಮುಂದಿನ ಹಬ್ಬಿನ ಸೀಲ್, ಈ ಐದು ಚೀಟಿ ಮ್ಯಾಲ ಬರ್ಕೊಂಡು ಹೋಗಿ ಇವತ್ತು ತಗದು ತೋರಸ್ರಿ ಅನ್ರಿ. ತರಸಿಕೊಡ್ತೀವಿ ಅಂದ್ರ ಅದು ಇಲ್ಲ ಅಂತ ಲೆಕ್ಕ. ಐದ್ರಾಗ ನಾಲ್ಕು ಕಪಾಟಿನ್ಯಾಗ ಇದ್ರ ಆ ಗಾಡಿ ತಗೋಬಹುದು.

ನನ್ನ ಕೇಳಿದ್ರ, ಊರ ಸುತ್ತ ಹದಿನೈದು ಇರೋ ಎರಡನೇ ನಂಬರಿನ ಗಾಡಿ ತಗೋತೀನಿ, ಒಂದೂ ಇಲ್ಲದ ಒಂದನೇ ನಂಬರಿನ ಗಾಡಿ ತಗೋಳೂದಿಲ್ಲ. ಸಂಖದ ತಮ್ಮಗೂ ಇದೇ ಉತ್ತರ.

ನಮ್ಮಂಥಾ ಮಹಾರಾಷ್ಟ್ರ-ಕರ್ನಾಟಕ ಗಡಿ ಮಂದಿಗೆ ಒಂದು ಅನುಕೂಲ ಐತಿ. ಮಿರಜದಾಗ ಇಲ್ಲದ ಸಾಮಾನು ವಿಜಯಪುರದಾಗ ಇರ್ತೈತಿ, ಅಲ್ಲಿ ಇಲ್ಲದ್ದು ಪಂಢರಪುರದಾಗ. ಆದ್ರ ಫೋನ್ ಮಾಡಿದಾಗ ಹೆಸರು ಹೇಳಬ್ಯಾಡ್ರಿ, ಮರಾಠ್ಯಾಗ ಒಂದು ಅಂತಾರ ಕನ್ನಡದಾಗ ಒಂದು ಅಂತಾರ, ಪಾರ್ಟ್ ನಂಬರ್ ಹೇಳ್ರಿ. ಗಾಡಿ ಜೋಡಿ ಪಾರ್ಟ್ಸ್ ಕ್ಯಾಟಲಾಗ್ ಕೇಳಿ ಇಸ್ಕೊಂಡು ಮೊಬೈಲಿನ್ಯಾಗ ಫೋಟೋ ಹೊಡದು ಇಡ್ರಿ. ಮತ್ತ ಮಹಾಡಿಬಿಟಿ (ಮಹಾರಾಷ್ಟ್ರ ಸರ್ಕಾರದ ಆನ್‌ಲೈನ್ ಪೋರ್ಟಲ್) ಸಬ್ಸಿಡಿ ಬೇಕಂದ್ರ ಪೂರ್ವಸಂಮತಿ ಬರೋಕಿಂತ ಮೊದಲ ಬಿಲ್ ಮಾಡಸಬ್ಯಾಡ್ರಿ, ಇದನ್ನೂ ನೂರು ಸಲ ಹೇಳೀನಿ.

ಯಾರೂ ಕೇಳದ ಇನ್ನೊಂದು ಮಾತು ಹೇಳ್ತೀನಿ. ನಾಲ್ಕೂ ಗಾಲಿ ಎಳಿಯೋ ಮಿನಿಯಾಗ ಮಂದಿ ಹುಡಕೋ ತುಟ್ಟಿ ಪಾರ್ಟ್ಸ್ ಮುಂದಿನ ಆಕ್ಸಲ್‌ದವ. ಅವು ಯಾಕ ಹೋಗ್ತಾವ ಅಂದ್ರ, ಮುಂದಿನ ಗಾಲಿ ಹಿಂದಿನಕಿಂತ ಸ್ವಲ್ಪ ಮುಂದ ಓಡೋಹಂಗನ ಗೇರ್ ಕೂಡಿಸಿರ್ತಾರ. ಮಣ್ಣಿನ್ಯಾಗ ಗಾಲಿ ಚೂರು ಜಾರಿ ಆ ಎಳೆತ ಬಿಡ್ತೈತಿ, ಡಾಂಬರ್ ಮ್ಯಾಲ ಜಾರೂದಿಲ್ಲ, ಎಲ್ಲಾ ಭಾರ ಗೇರಿನ ಮ್ಯಾಲ ಬೀಳ್ತೈತಿ. ತೋಟ ಬಿಟ್ಟು ರೋಡಿಗೆ ಹತ್ತೋ ಮುಂದ ಫೋರ್ ವೀಲ್ ಲಿವರ್ ತಗೀರಿ. ನಾನು ನೋಡೋ ಮಟ್ಟಿಗೆ ಅರ್ಧಾ ಮಂದಿ ತಗಿಯೂದಿಲ್ಲ.

ಟಾಯರಿಂದೂ ಇದೇ ಕತಿ. ಹಿಂದಿನ ಜೋಡಿ ಸವೀತು ಅಂತ ಅದನ್ನಷ್ಟೇ ಬ್ಯಾರೆ ಕಂಪನಿದು ಹಾಕಸ್ತಾರ, ಮುಂದಿನ ಹಿಂದಿನ ಲೆಕ್ಕ ತಪ್ತೈತಿ. ಬದಲಿ ಮಾಡೋ ಮುಂದ ಬರೇ ಸೈಜ್ ನೋಡಬ್ಯಾಡ್ರಿ, ಒಂದು ಸುತ್ತಿಗೆ ಹೋಗೋ ದೂರನೂ ಮೊದಲಿನ ಟಾಯರಿಗೆ ಹೊಂದ್ತೈತೋ ಇಲ್ಲೋ ನೋಡ್ರಿ. ಹೊಸಾ ಟಾಯರ್ ಇದ್ದಾಗನ, ಗಾಡಿ ಮನಿಗೆ ಬಂದ ವಾರದಾಗ, ಟಾಯರಿಗೆ ಸುಣ್ಣದ ಗುರ್ತು ಹಾಕಿ ಗಾಡಿ ಮೆಲ್ಲಕ ಓಡಿಸಿ ಒಂದು ಸುತ್ತಿಗೆ ಎಷ್ಟು ದೂರ ಹೋಗ್ತೈತಿ ಟೇಪ್ ಹಿಡೀರಿ, ಮುಂದಿಂದೂ ಹಿಂದಿಂದೂ, ಎರಡೂ ಅಂಕಿ ಆ ಪಾರ್ಟ್ಸ್ ಕ್ಯಾಟಲಾಗಿನ ಮೊದಲ ಹಾಳಿ ಮ್ಯಾಲ ಬರದು ಇಡ್ರಿ.