ನೀಲಿ ಪಂಪ್ ಒಂದನ್ನೇ ನಂಬಬೇಡಿ

ಉಬ್ಬಸ ಅಂತ ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ವರ್ಷಕ್ಕೆ ಎಷ್ಟು ನೀಲಿ ಪಂಪ್ (ಉಬ್ಬಸ ಬಂದಾಗ ಎಳೆಯುವ ಇನ್ಹೇಲರ್) ಖಾಲಿಯಾಗುತ್ತದೆ? "ತಿಂಗಳಿಗೊಂದು ಬೇಕೇ ಬೇಕು ಮೇಡಂ, ಎಳೆದ ಕೂಡಲೇ ಆರಾಮ" ಅನ್ನುವವರು ಬಹಳ ಜನ. ಆ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ವರ್ಷಕ್ಕೆ 3 ಅಥವಾ ಅದಕ್ಕಿಂತ ಜಾಸ್ತಿ ಪಂಪ್ ಬಳಸುವವರಿಗೆ ಜೋರಾದ ಅಟ್ಯಾಕ್ ಬರುವ ಸಾಧ್ಯತೆ ಹೆಚ್ಚು. ಲೆಕ್ಕ 12 ಮುಟ್ಟಿತೆಂದರೆ ಜೀವಕ್ಕೇ ಅಪಾಯ ಹೆಚ್ಚುತ್ತದೆ.

ನೀಲಿ ಪಂಪಿನಲ್ಲಿರುವುದು ಸಾಲ್ಬುಟಮಾಲ್. ಬಿಗಿದುಕೊಂಡ ಶ್ವಾಸನಾಳವನ್ನು ಅದು ಕೆಲವೇ ನಿಮಿಷಗಳಲ್ಲಿ ಸಡಿಲಗೊಳಿಸುತ್ತದೆ. ಆದರೆ ಆಸ್ತಮಾದಲ್ಲಿ ನಾಳದ ಒಳಗೋಡೆ ಊದಿಕೊಂಡಿರುತ್ತದೆ. ಆ ಊತಕ್ಕೆ ಸಾಲ್ಬುಟಮಾಲ್ ಏನೂ ಮಾಡುವುದಿಲ್ಲ. ಉಸಿರು ಸಲೀಸಾಯಿತು ಅಂತ ನೀವು ಸುಮ್ಮನಾಗುತ್ತೀರಿ, ಊತ ಹಾಗೇ ಇರುತ್ತದೆ. ಮುಂದೆ ಒಂದು ನೆಗಡಿಯೋ ಧೂಳೋ ಸಾಕು, ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

2018ರಲ್ಲಿ ಬಂದ ಸಿಗ್ಮಾ-1 ಅಧ್ಯಯನ ಈ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಅದರಲ್ಲಿ ಇದ್ದವರು ಸೌಮ್ಯ ಆಸ್ತಮಾದ 3,800ಕ್ಕೂ ಹೆಚ್ಚು ಜನ. ಕೆಲವರಿಗೆ ಉಬ್ಬಸ ಬಂದಾಗ ಎಳೆದುಕೊಳ್ಳಲು ಬರೀ ನಾಳ ಸಡಿಲಿಸುವ ಔಷಧಿ ಕೊಟ್ಟರು. ಇನ್ನು ಕೆಲವರಿಗೆ ಊತ ಇಳಿಸುವ ಬುಡೆಸೊನೈಡ್ ಮತ್ತು ನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಇನ್ಹೇಲರ್ ಕೊಟ್ಟರು. ಎರಡನೇ ಗುಂಪಿನಲ್ಲಿ ಜೋರಾದ ಅಟ್ಯಾಕ್ ಶೇ. 64ರಷ್ಟು ಕಡಿಮೆ! 2019ರಲ್ಲಿ ಜಾಗತಿಕ ಆಸ್ತಮಾ ಮಾರ್ಗಸೂಚಿ 'ಜಿನಾ' ಕೂಡ ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ನೀಲಿ ಪಂಪ್ ಒಂದನ್ನೇ ಕೊಡಬೇಡಿ ಎಂದಿತು.

"ಅಯ್ಯೋ, ಸ್ಟೀರಾಯ್ಡಾ?" ಅಂತ ತಕ್ಷಣ ಕೇಳುತ್ತಾರೆ. ಹೌದು, ಬುಡೆಸೊನೈಡ್ ಸ್ಟೀರಾಯ್ಡೇ. ಊತ ಇಳಿಸುವುದು ಅದೇ. ಆದರೆ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅದೇ ಅಧ್ಯಯನದಲ್ಲಿ, ಬೇಕಾದಾಗ ಮಾತ್ರ ಎಳೆದುಕೊಂಡವರಿಗೆ ಸೇರಿದ ಸ್ಟೀರಾಯ್ಡ್, ದಿನಾ ಬುಡೆಸೊನೈಡ್ ತೆಗೆದುಕೊಂಡ ಮೂರನೇ ಗುಂಪಿನವರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಇನ್ಹೇಲರ್‌ಗೆ ಹೆದರಿ ಅಟ್ಯಾಕ್ ಬಂದಾಗಲೆಲ್ಲ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೇ ನಿಜವಾದ ತೊಂದರೆ. ಅದು ಮೈಯೆಲ್ಲ ಸೇರುತ್ತದೆ. ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಬಾಯಲ್ಲಿ ಫಂಗಸ್ ಆಗುವುದು ಕಡಿಮೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಬಹಳ ಮುಖ್ಯ. ಎರಡು ಔಷಧಿ ಸೇರಿದ ಎಲ್ಲ ಇನ್ಹೇಲರ್‌ಗಳೂ ಈ ಕೆಲಸಕ್ಕೆ ಬರುವುದಿಲ್ಲ. ಫಾರ್ಮೊಟೆರಾಲ್ ಬೇಗ ಕೆಲಸ ಮಾಡುತ್ತದೆ, ಅದೇ ಬಗೆಯ ಸಾಲ್ಮೆಟೆರಾಲ್ ನಿಧಾನ. ಸಾಲ್ಮೆಟೆರಾಲ್ ಇರುವ ಇನ್ಹೇಲರನ್ನು ಉಬ್ಬಸ ಬಂದಾಗ ಎಳೆದುಕೊಳ್ಳಲು ಇಟ್ಟುಕೊಳ್ಳಬಾರದು. ಡಬ್ಬದ ಮೇಲಿನ ಹೆಸರು ಓದಿ. ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಅಂತ ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ.

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದ್ದರೆ ಮೇಲಿನ ಮಾತು ಅನ್ವಯಿಸುವುದಿಲ್ಲ. ಬೀಡಿ ಸಿಗರೇಟು ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಹೆಣ್ಣುಮಕ್ಕಳಿಗೆ ಬರುವ ಕಾಯಿಲೆ ಇದು. ಅಲ್ಲಿ ಸ್ಟೀರಾಯ್ಡ್ ಇನ್ಹೇಲರ್ ಎಲ್ಲರಿಗೂ ಬೇಡ, ನ್ಯುಮೋನಿಯಾದ ಅಪಾಯವಿದೆ. ಯಾರಿಗೆ ಬೇಕು ಅನ್ನಲು ರಕ್ತದಲ್ಲಿನ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ನೆರವಾಗುತ್ತದೆ. ಒಂದು ಮೈಕ್ರೋಲೀಟರಿಗೆ 300 ಅಥವಾ ಜಾಸ್ತಿ ಇದ್ದು, ಪದೇ ಪದೇ ಕಾಯಿಲೆ ಉಲ್ಬಣಿಸುತ್ತಿದ್ದರೆ ಸ್ಟೀರಾಯ್ಡ್‌ನಿಂದ ಲಾಭ. 100ಕ್ಕಿಂತ ಕಡಿಮೆ ಇದ್ದರೆ ಲಾಭ ಸಿಗುವುದು ಕಷ್ಟ. ಇಂಥ ಎಣಿಕೆ ಹೆಚ್ಚಿರುವವರಿಗೇ ಡುಪಿಲುಮ್ಯಾಬ್ ಅನ್ನುವ ಇಂಜೆಕ್ಷನ್ ಬಂದಿದೆ. 2023 ಮತ್ತು 2024ರ ಎರಡು ಅಧ್ಯಯನಗಳಲ್ಲಿ ಅದು ಕಾಯಿಲೆ ಉಲ್ಬಣಿಸುವುದನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತು. ಬೆಲೆ ಮಾತ್ರ ಬಹಳ ದುಬಾರಿ. ರಕ್ತಪರೀಕ್ಷೆ ಹಾಗಲ್ಲ, ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಜಂತುಹುಳ ಇದ್ದರೂ ಈ ಎಣಿಕೆ ಏರುತ್ತದೆ, ಹಾಗಾಗಿ ರಿಪೋರ್ಟ್ ನೋಡುವಾಗ ನಾನು ಅದನ್ನೂ ಕೇಳುತ್ತೇನೆ.